ಡಯೋರಾಮ: ನೋಡುವವರೂ ಮಾಡುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಗಾಜಿನ ಪೆಟ್ಟಿಗೆಗಳ ಒಂದು ಸಾಲಿದೆ. ಮನೆಗೆ ಬಂದವರು ಚಹಾ ಕುಡಿಯುವ ಮೊದಲೇ ಅದರ ಮುಂದೆ ಬಗ್ಗಿ ನಿಲ್ಲುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಶಾಲೆಗಳಿಗೆ ತೋರಿಸಲು ಹೋದಾಗ ಮಕ್ಕಳು ಕೇಳಿದ್ದು, ಪತ್ರ ಬರೆದವರು ಕೇಳಿದ್ದು, ಮಂಗಳೂರಿನ ಗೆಳೆಯರು ಫೋನಿನಲ್ಲಿ ಕೇಳಿದ್ದು ಎಲ್ಲ ಹೆಚ್ಚುಕಡಿಮೆ ಇವೇ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

## ಮೊದಲ ಪರಿಚಯ

ಡಯೋರಾಮ ಅಂದ್ರೆ ಏನು? ಬರೀ ಮಾಡೆಲ್ ಅಲ್ವಾ ಅದು?

ಒಂದು ಲಾರಿಯ ಪುಟ್ಟ ಪ್ರತಿರೂಪ ಮಾಡಿ ಕಪಾಟಿನಲ್ಲಿಟ್ಟರೆ ಅದು ಮಾಡೆಲ್. ಅದೇ ಲಾರಿ ಮಳೆಯಲ್ಲಿ ಕೆಟ್ಟು ನಿಂತಿದೆ, ಡ್ರೈವರ್ ಕೊಡೆ ಹಿಡಿದು ಬಾನೆಟ್ ಒಳಗೆ ಇಣುಕುತ್ತಿದ್ದಾನೆ, ಪಕ್ಕದಲ್ಲಿ ಒಂದು ನಾಯಿ ನೆನೆಯುತ್ತಾ ಕೂತಿದೆ. ಈಗ ಅದು ಡಯೋರಾಮ. ಅಂದರೆ ವಸ್ತುವಿನ ಜೊತೆಗೆ ಜಾಗ ಇರಬೇಕು, ಒಂದು ಗಳಿಗೆ ಇರಬೇಕು. ನೋಡಿದವರಿಗೆ "ಇಲ್ಲಿ ಏನೋ ನಡೆಯುತ್ತಿದೆ" ಅನ್ನಿಸಬೇಕು. ಮನುಷ್ಯರ ಬೊಂಬೆ ಇರಲೇಬೇಕು ಅಂತಿಲ್ಲ. ಜಗಲಿಯಲ್ಲಿ ಬಿಟ್ಟ ಒಂದು ಜೊತೆ ಚಪ್ಪಲಿಯೂ ಕಥೆ ಹೇಳುತ್ತದೆ.

ಈ ಹೆಸರು ಎಲ್ಲಿಂದ ಬಂತು?

ಪ್ಯಾರಿಸಿನಿಂದ. 1822ರಲ್ಲಿ ಲೂಯಿ ಡಗೇರ್ ಮತ್ತು ಶಾರ್ಲ್ ಬೂಟೋನ್ ಅಲ್ಲಿ ಒಂದು ಪ್ರದರ್ಶನ ಮಂದಿರ ತೆರೆದರು. ಅದಕ್ಕೆ ಡಯೋರಾಮ ಎಂದು ಹೆಸರಿಟ್ಟರು. ಬೃಹತ್ ಪರದೆಗಳ ಮೇಲೆ ಬಿಡಿಸಿದ ಚಿತ್ರಗಳು. ಮುಂದಿನಿಂದ ಬೆಳಕು ಬಿಟ್ಟರೆ ಹಗಲು, ಹಿಂದಿನಿಂದ ಬಿಟ್ಟರೆ ರಾತ್ರಿ. ಜನ ಕತ್ತಲಲ್ಲಿ ಕೂತು ನೋಡುತ್ತಿದ್ದರು. ಆ ಮಂದಿರ 1839ರಲ್ಲಿ ಸುಟ್ಟುಹೋಯಿತು. ಅದೇ ವರ್ಷ ಡಗೇರ್ ಫೋಟೊ ತೆಗೆಯುವ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದರು. ಹೆಸರು ಮಾತ್ರ ಉಳಿದುಕೊಂಡು, ಮುಂದೆ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಗೂ ನಮ್ಮ ಮೇಜಿನ ಮೇಲಿನ ಕೆಲಸಕ್ಕೂ ಬಂತು.

ನಮ್ಮೂರಲ್ಲಿ ಇಂಥದ್ದು ಇರಲೇ ಇಲ್ವಾ? ಎಲ್ಲ ಹೊರಗಿನಿಂದಲೇ ಬಂದದ್ದಾ?

ಇತ್ತು, ಈಗಲೂ ಇದೆ. ನಾನು ನೋಡಿದ ಮೊದಲ ಡಯೋರಾಮ ಪಕ್ಕದ ಮನೆಯ ಕ್ರಿಸ್ಮಸ್ ಗೋದಲಿ. ಡಿಸೆಂಬರ್ ಬಂತೆಂದರೆ ಅವರ ಮನೆಯ ಮಕ್ಕಳ ಜೊತೆ ನಾವೂ ಬೈಹುಲ್ಲು ಹೊರುತ್ತಿದ್ದೆವು. ಡಬ್ಬಿಗಳಲ್ಲಿ ಭತ್ತ ಬಿತ್ತಿ ಎಳೆ ಹಸಿರು ಬೆಳೆಸುತ್ತಿದ್ದೆವು. ಕನ್ನಡಿಯ ಚೂರು ಇಟ್ಟರೆ ಕೆರೆ, ಕಾಗದಕ್ಕೆ ಮಸಿ ಬಳಿದು ಮುದುಡಿದರೆ ಗುಡ್ಡ. ಆ ಮನೆಯ ಅಜ್ಜಿ ಬಾಲಯೇಸುವಿನ ಬೊಂಬೆಯನ್ನು ಕ್ರಿಸ್ಮಸ್ ರಾತ್ರಿವರೆಗೆ ತೊಟ್ಟಿಲಲ್ಲಿ ಇಡುತ್ತಿರಲಿಲ್ಲ. ಅಲ್ಲಿಯವರೆಗೆ ಎಲ್ಲ ಬೊಂಬೆಗಳೂ ಖಾಲಿ ತೊಟ್ಟಿಲನ್ನೇ ನೋಡುತ್ತಿದ್ದವು. ಕಾಯುವುದನ್ನು ಬೊಂಬೆಗಳಲ್ಲಿ ಹೇಗೆ ತೋರಿಸಬಹುದು ಎಂದು ನನಗೆ ಆಗಲೇ ಗೊತ್ತಾಗಿತ್ತು. ಅದನ್ನು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ, ಅಷ್ಟೆ.

ಘಟ್ಟದ ಮೇಲಿನವರ ದಸರಾ ಗೊಂಬೆಗಳಿವೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ, ಮಂಗಳೂರು ದಸರೆಗೆ ಬರುವ ಟ್ಯಾಬ್ಲೊಗಳಿವೆ. ಎಲ್ಲ ಒಂದೇ ಬಳಗ.

1/35, 1/72 ಅಂತ ಬರೆದಿರ್ತಾರಲ್ಲ, ಅದರಲ್ಲಿ ಯಾವುದು ತಗೊಳ್ಳಲಿ?

1/35 ಅಂದರೆ ನಿಜವಾದ ವಸ್ತುವಿನ 35ರಲ್ಲಿ ಒಂದು ಪಾಲು. 165 ಸೆಂಟಿಮೀಟರ್ ಎತ್ತರದ ಮನುಷ್ಯ 1/35ರಲ್ಲಿ 4.7 ಸೆಂ.ಮೀ., 1/72ರಲ್ಲಿ 2.3 ಸೆಂ.ಮೀ. ರೈಲಿನವರ ಪ್ರೀತಿಯ ಎಚ್‌ಒ, ಅಂದರೆ 1/87ರಲ್ಲಿ, 2 ಸೆಂ.ಮೀ. ಕೂಡ ಇಲ್ಲ.

ಮುಖ, ಬಟ್ಟೆ, ಕೈಯ ಭಾವ ಮುಖ್ಯವಾದರೆ 1/35 ಒಳ್ಳೆಯದು. ಊರು, ತೋಟ, ಬಂದರು ಬೇಕಾದರೆ 1/72 ಅಥವಾ 1/87. ನಮ್ಮ ಕಡೆಯ ದೃಶ್ಯಕ್ಕೆ ಒಂದು ಸುಲಭ ಪರೀಕ್ಷೆ ಇದೆ: ತೆಂಗಿನ ಮರ. 18 ಮೀಟರಿನ ಮರ 1/35ರಲ್ಲಿ 51 ಸೆಂ.ಮೀ. ಆಗುತ್ತದೆ. ಕಪಾಟಿಗೇ ಹಿಡಿಯುವುದಿಲ್ಲ. 1/72ರಲ್ಲಿ ಅದೇ ಮರ 25 ಸೆಂ.ಮೀ. ತೋಟ ಬೇಕಿದ್ದರೆ ಚಿಕ್ಕ ಸ್ಕೇಲಿಗೆ ಹೋಗಿ.

ಅಂದಹಾಗೆ, 35 ಎಂಬ ಸಂಖ್ಯೆಯ ಹಿಂದೆ ಯಾವ ದೊಡ್ಡ ಶಾಸ್ತ್ರವೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಕಂಪನಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಕೂರುವಷ್ಟು ಜಾಗ ಬೇಕಿತ್ತು. ಆಮೇಲೆ ಅಳೆದರೆ ಸುಮಾರು 1/35 ಬಂತು. ಅದೇ ನಿಂತಿತು.

ಇಷ್ಟು ವಯಸ್ಸಾದ ಮೇಲೆ ಬೊಂಬೆ ಆಟ ಯಾಕೆ?

ಈ ಪ್ರಶ್ನೆ ಕೇಳಿದವರಿಗೆ ನಾನು ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಅಮೆರಿಕದ ಹೆಂಗಸಿನ ವಿಷಯ ಹೇಳುತ್ತೇನೆ. 1940ರ ದಶಕದಲ್ಲಿ ಅವರು 1/12ರ ಅಳತೆಯಲ್ಲಿ ಪುಟ್ಟ ಪುಟ್ಟ ಕೋಣೆಗಳನ್ನು ಮಾಡಿದರು. ಪ್ರತಿ ಕೋಣೆಯಲ್ಲೂ ಒಂದು ಅನುಮಾನದ ಸಾವು. ಪೊಲೀಸರಿಗೆ ಸರಿಯಾಗಿ ನೋಡಲು ಕಲಿಸುವುದು ಅವರ ಉದ್ದೇಶ. ಬೊಂಬೆಯ ಕಾಲುಚೀಲಗಳನ್ನು ಗುಂಡುಸೂಜಿಯಂಥ ಕಡ್ಡಿಗಳಲ್ಲಿ ಹೆಣೆದರು. ಅವುಗಳಲ್ಲಿ 18 ಕೋಣೆಗಳು ಬಾಲ್ಟಿಮೋರ್‌ನಲ್ಲಿವೆ. ಅಲ್ಲಿ ಪಾಠಕ್ಕೂ ಬಳಸುತ್ತಾರೆ. ಪುಟ್ಟದಾಗಿ ಮಾಡಿದ್ದನ್ನು ಕಣ್ಣು ನಿಧಾನವಾಗಿ ನೋಡುತ್ತದೆ. ಇದು ವಯಸ್ಸಾದವರಿಗೂ ಬೇಕಾದ ವಿದ್ಯೆ.

## ದೊಡ್ಡವರ ಕೆಲಸ ನೋಡುವುದು

ಹಳೆಯ ಕ್ಲಾಸಿಕ್‌ಗಳಲ್ಲಿ ಮೊದಲು ಯಾರದ್ದು ನೋಡಬೇಕು?

ಶೆಪರ್ಡ್ ಪೇನ್ ಅವರದ್ದು. ಶಿಕಾಗೋದವರು, 2015ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಮೊನೊಗ್ರಾಂ ಎಂಬ ಕಂಪನಿಯ ಕಿಟ್ ಡಬ್ಬಿಗಳೊಳಗೆ ಒಂದು ಮಡಚಿದ ಹಾಳೆ ಬರುತ್ತಿತ್ತು. ಪೇನ್ ಮಾಡಿದ ಡಯೋರಾಮದ ಫೋಟೊಗಳು, ಅದನ್ನು ಹೇಗೆ ಮಾಡಿದರು ಎಂಬ ವಿವರಣೆ. ವಿಮಾನ ಅಂಟಿಸಲು ಡಬ್ಬಿ ತೆರೆದ ಎಷ್ಟೋ ಹುಡುಗರು ಆ ಹಾಳೆ ನೋಡಿ ಈ ಹವ್ಯಾಸಕ್ಕೆ ಬಿದ್ದರು.

ಪೇನ್ ಮುಖ್ಯ ಅನ್ನಿಸುವುದು ಅವರು ಕಥೆಯನ್ನು ಮೊದಲು ಇಟ್ಟದ್ದಕ್ಕೆ. ಫೋಟೊ ನೋಡುವಾಗ ಒಂದು ಕೆಲಸ ಮಾಡಿ. ಬೊಂಬೆಗಳು ಎಲ್ಲಿ ನೋಡುತ್ತಿವೆ ಎಂದು ಬೆರಳಿನಿಂದ ಗೆರೆ ಎಳೆಯಿರಿ. ಆ ಗೆರೆಗಳು ಎಲ್ಲಿ ಸೇರುತ್ತವೋ ಅಲ್ಲೇ ಕಥೆ. ಆಮೇಲೆ ವಾಹನದ ಕೋನ ನೋಡಿ. ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಟ್ಟರೆ ಪಾರ್ಕಿಂಗ್ ಮಾಡಿದ ಹಾಗೆ ಕಾಣುತ್ತದೆ. ಸ್ವಲ್ಪ ಓರೆ ಮಾಡಿದರೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದೆ ಅನ್ನಿಸುತ್ತದೆ.

ಮ್ಯೂಸಿಯಂನಲ್ಲಿ ಪ್ರಾಣಿಗಳ ಹಿಂದೆ ಕಾಡು ಮೈಲಿಗಟ್ಟಲೆ ಇದ್ದಂತೆ ಕಾಣುತ್ತಲ್ಲ, ಅದು ಹೇಗೆ?

ಹಿಂದಿನ ಗೋಡೆ ಬಾಗಿರುತ್ತದೆ. ಮೂಲೆಯೇ ಇರುವುದಿಲ್ಲ. ಮೂಲೆ ಕಾಣದಿದ್ದರೆ ಕಣ್ಣಿಗೆ ಪೆಟ್ಟಿಗೆ ಮುಗಿಯುವುದು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಮುಂದೆ ನಿಜವಾದ ಮಣ್ಣು, ಎಲೆ. ಹಿಂದೆ ಚಿತ್ರ. ಎರಡೂ ಸೇರುವ ಗೆರೆಯನ್ನು ಒಂದು ಪೊದೆಯಿಂದಲೋ ದಿಣ್ಣೆಯಿಂದಲೋ ಮರೆಮಾಡುತ್ತಾರೆ.

ಇದರಲ್ಲಿ ಎಲ್ಲರೂ ನೆನೆಯುವುದು ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿರುವ ಆಫ್ರಿಕಾ ಪ್ರಾಣಿಗಳ ಸಭಾಂಗಣವನ್ನು. 28 ಡಯೋರಾಮಗಳು. ಅದರ ಕನಸು ಕಂಡವರು ಕಾರ್ಲ್ ಏಕ್ಲಿ. 1926ರಲ್ಲಿ ಕಾಂಗೋದ ಬೆಟ್ಟದಲ್ಲಿ ತೀರಿಕೊಂಡರು, ಅಲ್ಲೇ ಅವರನ್ನು ಮಣ್ಣು ಮಾಡಿದರು. ಸಭಾಂಗಣ ತೆರೆದದ್ದು 1936ರಲ್ಲಿ. ಅದೇ ಮ್ಯೂಸಿಯಂನ ಜೇಮ್ಸ್ ಪೆರ್ರಿ ವಿಲ್ಸನ್ ಎಂಬ ಚಿತ್ರಕಾರರು ಬಾಗಿದ ಗೋಡೆಯ ಮೇಲೆ ಚಿತ್ರ ಸೊಟ್ಟಗಾಗದ ಹಾಗೆ ಚೌಕುಳಿ ಲೆಕ್ಕ ಹಾಕಿ ಬಿಡಿಸುತ್ತಿದ್ದರು. ಆ ಪ್ರಾಣಿಗಳನ್ನು ಬೇಟೆಯಾಡಿಯೇ ತಂದದ್ದು ಎಂಬುದನ್ನು ಮರೆತು ಅವನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಕೈಕೆಲಸದಿಂದ ಮಾತ್ರ ಕಲಿಯಬೇಕಾದದ್ದು ಬಹಳ ಇದೆ.

ರೈಲು ಮಾಡೆಲ್ ಮಾಡುವವರು ಜಾನ್ ಆಲನ್ ಹೆಸರು ಯಾವಾಗಲೂ ಹೇಳ್ತಾರೆ. ಯಾರವರು?

ಕ್ಯಾಲಿಫೋರ್ನಿಯಾದ ಮಾಂಟೆರೆಯವರು. ವೃತ್ತಿಯಲ್ಲಿ ಫೋಟೊಗ್ರಾಫರ್. ತಮ್ಮ ಮನೆಯ ನೆಲಮಾಳಿಗೆ ತುಂಬ 1/87ರಲ್ಲಿ ಬೆಟ್ಟ, ಕಣಿವೆ, ಸೇತುವೆ, ಊರುಗಳಿದ್ದ ಒಂದು ರೈಲು ಲೋಕ ಕಟ್ಟಿದರು. ರೈಲು ಮಾಡೆಲ್‌ಗಳನ್ನು ಹೊಳೆಯುವ ಆಟಿಕೆಗಳಂತೆ ಇಡುತ್ತಿದ್ದ ಕಾಲದಲ್ಲಿ ಅವರು ಧೂಳು, ಮಸಿ, ತುಕ್ಕು, ಮುರಿದ ಹಲಗೆಗಳನ್ನು ತಂದರು. ಕನ್ನಡಿ ಇಟ್ಟು ಜಾಗವನ್ನು ಉದ್ದ ಮಾಡಿದರು.

1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಆ ಲೋಕವೂ ಹೋಯಿತು. ಇವತ್ತು ನಾವು ನೋಡುವುದೆಲ್ಲ ಅವರೇ ತೆಗೆದಿಟ್ಟ ಫೋಟೊಗಳಿಂದ. ಹಾಗಾಗಿ ನಾನು ಎಲ್ಲರಿಗೂ ಹೇಳುತ್ತೇನೆ: ಒಂದು ಕೆಲಸ ಮುಗಿದ ದಿನವೇ ಅದರ ಫೋಟೊ ತೆಗೆಯಿರಿ.

ಇತಿಹಾಸದ ದೃಶ್ಯ ಮಾಡುವಾಗ ಎಷ್ಟು ನಿಖರವಾಗಿರಬೇಕು?

ವಿಲಿಯಂ ಸಿಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಕಥೆ ಕೇಳಿ. ನೆಪೋಲಿಯನ್ ಸೋತ ವಾಟರ್ಲೂ ಯುದ್ಧದ ಮಾದರಿ ಮಾಡಲು ಅವರು ಆ ಹೊಲಗಳ ನಡುವೆ ತಿಂಗಳುಗಟ್ಟಲೆ ಉಳಿದು ನೆಲ ಅಳೆದರು. ಯುದ್ಧದಲ್ಲಿದ್ದ ಅಧಿಕಾರಿಗಳಿಗೆ ಪತ್ರ ಬರೆದರು: 1815ರ ಜೂನ್ 18ರ ಸಂಜೆ 7 ಗಂಟೆ ಹೊತ್ತಿಗೆ ನಿಮ್ಮ ಪಡೆ ಎಲ್ಲಿತ್ತು? ಹೊಲದಲ್ಲಿ ಯಾವ ಬೆಳೆ ಇತ್ತು? 1838ರಲ್ಲಿ ಲಂಡನ್ನಿನಲ್ಲಿ ಆ ಮಾದರಿ ಜನರ ಮುಂದೆ ಬಂತು. ಹತ್ತಾರು ಸಾವಿರ ತವರದ ಸೈನಿಕರು. ಆದರೆ ಬ್ರಿಟಿಷರ ಜೊತೆ ಸೇರಿ ಹೋರಾಡಿದ್ದ ಪ್ರಷ್ಯದ ಸೈನ್ಯವನ್ನು ಅಷ್ಟು ದೊಡ್ಡದಾಗಿ ತೋರಿಸಿದ್ದು ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಕಡೆಯವರಿಗೆ ಹಿಡಿಸಲಿಲ್ಲ. ಕೊನೆಗೆ ಸಿಬೋರ್ನ್ ಸಾವಿರಾರು ಪ್ರಷ್ಯನ್ ಬೊಂಬೆಗಳನ್ನು ತೆಗೆಯಬೇಕಾಯಿತು.

ನನಗೆ ಇಲ್ಲಿ ದೊಡ್ಡದು ಅನ್ನಿಸುವುದು ಆ ಪ್ರಶ್ನೆ. "ಸಂಜೆ 7 ಗಂಟೆಗೆ" ಎಂದು ಹೊತ್ತು ಹಿಡಿದು ಕೇಳಿದ್ದು. ನೀವೂ ನಿಮ್ಮ ದೃಶ್ಯಕ್ಕೆ ಒಂದು ಹೊತ್ತು ಗೊತ್ತುಮಾಡಿ. ಹೊತ್ತು ಗೊತ್ತಾದರೆ ನೆರಳು ಎಲ್ಲಿ ಬೀಳುತ್ತದೆ, ಅಂಗಳದಲ್ಲಿ ಅಡಿಕೆ ಹರವಿರುತ್ತದಾ, ದನ ಹಟ್ಟಿಗೆ ಬಂದಿರುತ್ತದಾ ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ.

ನಿಮಗೆ ಎಲ್ಲಕ್ಕಿಂತ ಇಷ್ಟವಾದ ಡಯೋರಾಮ ಯಾವುದು?

ಇಂಗ್ಲೆಂಡಿನ ಪೆಂಡನ್ ಮ್ಯೂಸಿಯಂನದ್ದು. ಯೋಚನೆ ಮಾಡದೆ ಹೇಳುತ್ತೇನೆ.

ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯಾದ ಹುಡುಗ 1925ರಲ್ಲಿ ಇಂಗ್ಲೆಂಡಿಗೆ ಬಂದ. ಅಲ್ಲಿಯ ಹಳ್ಳಿ ಮನೆಗಳ ಮೇಲೆ ಅವನಿಗೆ ಪ್ರೀತಿ ಹುಟ್ಟಿತು. ನೋಡನೋಡುತ್ತ ಹುಲ್ಲಿನ ಮಾಡುಗಳು ಹೋಗಿ ತಗಡು ಬರತೊಡಗಿತು. ಹಳೆಯ ಗೋಡೆಗಳು ಬಿದ್ದವು. ಎಲ್ಲ ಹೋಗುವ ಮೊದಲು ಇವನ್ನು ಅಳೆದು ಪುಟ್ಟದಾಗಿ ಕಟ್ಟಿ ಉಳಿಸಬೇಕು ಎಂದು ರಾಯ್ ತೀರ್ಮಾನ ಮಾಡಿದರು. 1/76ರ ಅಳತೆ. ರಟ್ಟಿನ ಮೇಲೆ ಒಂದೊಂದೇ ಇಟ್ಟಿಗೆಯ ಗೆರೆ ಕೊರೆದು, ಒಂದೊಂದಕ್ಕೇ ಜಲವರ್ಣ ಹಚ್ಚಿದರು. ಒಂದು ಮನೆಗೆ ತಿಂಗಳುಗಳೇ ಬೇಕಾಗುತ್ತಿದ್ದವು. ಮುಂದೆ ಬಹಳ ಮಂದಿ ಸ್ವಯಂಸೇವಕರು ಸೇರಿದರು. ಹಾಗೆ 1930ರ ದಶಕದ ಒಂದು ಇಡೀ ಕಣಿವೆ ಅಲ್ಲಿ ಎದ್ದು ನಿಂತಿದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಂಚಿನ ಮನೆಗಳು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಈ ಕರಾವಳಿಯ ಮಾಡಿನ ಬಣ್ಣವೇ ಬದಲಾಯಿತು. ಈಗ ಅದೇ ಮನೆಗಳು ಒಂದೊಂದಾಗಿ ಹೋಗುತ್ತಿವೆ. ನನ್ನ ಅಜ್ಜನ ಮನೆ ಕೆಡವುವ ಮೊದಲು ನಾನು ಎರಡು ದಿನ ಟೇಪು ಹಿಡಿದು ಅಳೆದೆ. ಜಗಲಿಯ ಎತ್ತರ, ಪಕ್ಕಾಸುಗಳ ನಡುವಿನ ಅಂತರ, ಅಡುಗೆಮನೆಯ ಗಾಜಿನ ಹಂಚು ಎಷ್ಟನೇ ಸಾಲಿನಲ್ಲಿತ್ತು ಎಂಬುದು ಕೂಡ. ಆ ಮನೆ ಈಗ 1/72ರಲ್ಲಿ ನಮ್ಮ ಚಾವಡಿಯಲ್ಲಿದೆ. ಅಮ್ಮ ದಿನಾ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ನಿಮ್ಮ ಮನೆಯವರು ಹಳೆ ಮನೆ ಕೆಡವುವ ಮಾತಾಡುತ್ತಿದ್ದರೆ, ಕಿಟ್‌ಗೀಟ್ ಎಲ್ಲ ಆಮೇಲೆ. ಮೊದಲು ಟೇಪು ತಗೊಂಡು ಹೋಗಿ.

ಇಂಥವರ ಕೆಲಸ ನೋಡಿದರೆ ನನ್ನದು ಮಾಡಲು ಮನಸ್ಸೇ ಬರಲ್ಲ. ಏನು ಮಾಡಲಿ?

ಇಡೀ ಕೆಲಸ ನೋಡಬೇಡಿ. ಫೋಟೊದ ಮೇಲೆ ಒಂದು ಕಾಗದ ಇಟ್ಟು, ಅದರಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ, ಆ ತುಂಡನ್ನು ಮಾತ್ರ ನೋಡಿ. ಒಂದು ಬಾಗಿಲು. ಬಾಗಿಲ ಕೆಳಗೆ ಮಳೆನೀರು ಎರಚಿ ಆದ ಕಲೆ. ಇಷ್ಟು ಮಾಡಲು ನಿಮಗೆ ಖಂಡಿತ ಆಗುತ್ತದೆ. ದೊಡ್ಡವರೂ ಹಾಗೇ ಒಂದೊಂದು ಬಾಗಿಲು ಮಾಡಿಯೇ ಅಲ್ಲಿಗೆ ಹೋದದ್ದು.

ಅವರದ್ದನ್ನೇ ನೋಡಿ ನಕಲು ಮಾಡಿದರೆ ತಪ್ಪಾ?

ಕಲಿಯಲು ಮಾಡಿದರೆ ತಪ್ಪಿಲ್ಲ. ಪ್ರದರ್ಶನಕ್ಕೆ ಇಡುವಾಗ ಯಾರದ್ದನ್ನು ನೋಡಿ ಮಾಡಿದ್ದು ಎಂದು ಬರೆದಿಡಿ. ಆದರೆ ಶೈಲಿಯ ನಕಲಿನಲ್ಲಿ ಒಂದು ಅಪಾಯ ಇದೆ. ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ 1980ರ ದಶಕದಲ್ಲಿ ಬಹಳ ಹೆಸರು ಮಾಡಿದರು. ಬಣ್ಣವನ್ನು ಬಹುಪಾಲು ಒರೆಸಿದ ಒಣ ಕುಂಚದಿಂದ ಅಂಚುಗಳನ್ನು ಬೆಳಗಿಸುವುದು ಅವರ ಗುರುತು. ಅದನ್ನು ನೋಡಿ ಎಲ್ಲರೂ ಎಲ್ಲದರ ಅಂಚನ್ನೂ ಬೆಳಗಿಸತೊಡಗಿದರು. ಅವರು ನೋಡಿದ್ದು ಯುರೋಪಿನ ಕಲ್ಲು, ಯುರೋಪಿನ ಬಿಸಿಲು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಪಾಗಾರ ಮಳೆಗಾಲದಲ್ಲಿ ಹೊಳೆಯುವುದಿಲ್ಲ. ಕಪ್ಪಾಗುತ್ತದೆ, ಅದರ ಮೇಲೆ ಹಸಿರು ಪಾಚಿ ಕೂರುತ್ತದೆ. ವಿಧಾನ ಅವರಿಂದ ತಗೊಳ್ಳಿ. ಬಣ್ಣ ನಿಮ್ಮ ಅಂಗಳದಿಂದ ತಗೊಳ್ಳಿ.

## ಕೈ ಹಾಕುವಾಗ

ಮೊದಲನೆಯದು ಎಷ್ಟು ದೊಡ್ಡದಿರಬೇಕು?

ಅಂಗೈಯಷ್ಟು. 15 ಸೆಂ.ಮೀ. ಚೌಕ ಸಾಕು. ಒಂದು ವಸ್ತು, ಒಬ್ಬ ಮನುಷ್ಯ, ಒಂದು ಕಾರಣ. ಬಾವಿಕಟ್ಟೆ, ಕೊಡಪಾನ, ಹಗ್ಗ ಎಳೆಯುತ್ತಿರುವ ಹೆಂಗಸು. ದೊಡ್ಡದು ಶುರು ಮಾಡಿದರೆ ಅರ್ಧಕ್ಕೆ ನಿಲ್ಲುವುದೇ ಜಾಸ್ತಿ.

ಕಿಟ್, ಬಣ್ಣ ಎಲ್ಲ ತುಂಬ ದುಬಾರಿ. ಮನೆಯಲ್ಲಿರುವುದರಿಂದ ಆಗುತ್ತಾ?

ಆಗುತ್ತದೆ. ನೆಲಕ್ಕೆ ಪ್ಯಾಕಿಂಗ್ ಥರ್ಮಾಕೋಲ್, ಮೇಲೆ ಪ್ಲಾಸ್ಟರ್. ಉದ್ದ ಹುಲ್ಲಿಗೆ ತೆಂಗಿನ ನಾರು. ಅದನ್ನು ಕತ್ತರಿಸಿ, ಕಟ್ಟು ಮಾಡಿ, ತುದಿಗೆ ಫೆವಿಕಾಲ್ ಹಚ್ಚಿ ನಿಲ್ಲಿಸಿ. ಸೋಗೆ ಮಾಡಿಗೆ ಹಿಡಿಕಡ್ಡಿಯ ಒಣಗಿದ ಎಳೆಗಳನ್ನು ಸೀಳಿ ಬಳಸಬಹುದು. ಅಡಿಕೆ ಹಾಳೆಯ ಒಳಪೊರೆ ತೆಳ್ಳಗೆ ಸುಲಿದು ಬರುತ್ತದೆ. ಗೋಣಿ, ಚಾಪೆ, ಟಾರ್ಪಾಲು ಎಲ್ಲದಕ್ಕೂ ಅದು ಚೆನ್ನಾಗಿ ಒದಗುತ್ತದೆ. ಮನುಷ್ಯರ ಬೊಂಬೆಗೆ ಸಣ್ಣ ತಂತಿಯ ಅಸ್ಥಿಪಂಜರ ಮಾಡಿ ಎಂ-ಸೀಲ್ ತುಂಬಿ. ಪಂಚೆ, ಸೀರೆಯ ನೆರಿಗೆಗೆ ಟಿಶ್ಯೂ ಕಾಗದವನ್ನು ತೆಳು ಮಾಡಿದ ಫೆವಿಕಾಲಿನಲ್ಲಿ ಅದ್ದಿ ಸುತ್ತಿ.

ಹಣ ಹಾಕಬೇಕಾದ್ದು ಎರಡಕ್ಕೆ ಮಾತ್ರ: ಹರಿತವಾದ ಚಾಕು, ತುದಿ ಚೂಪಾದ ಒಂದು ಒಳ್ಳೆಯ ಕುಂಚ.

ಮಲ್ಪೆಯ ಮರಳು, ಮನೆಯ ಕೆಂಪು ಮಣ್ಣು ಹಾಗೇ ಹಾಕಬಹುದಾ?

ಮಣ್ಣು ಹಾಕಬಹುದು, ಹಾಗೇ ಅಲ್ಲ. ಬಿಸಿಲಿಗೆ ಒಣಗಿಸಿ, ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಹುಳದ ಮೊಟ್ಟೆ, ಬೀಜ ಎಲ್ಲ ಸಾಯಬೇಕು. ಆಮೇಲೆ ಹಳೆ ವೇಲಿನ ಬಟ್ಟೆಯಲ್ಲಿ ಜರಡಿ ಹಿಡಿಯಿರಿ.

ಸಮುದ್ರದ ಮರಳನ್ನು ಸಿಹಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯದಿದ್ದರೆ ಉಪ್ಪು ತೇವ ಎಳೆಯುತ್ತದೆ. ಇನ್ನೊಂದು ತೊಂದರೆ ಅಳತೆಯದ್ದು. ಅರ್ಧ ಮಿಲಿಮೀಟರಿನ ಮರಳ ಕಾಳು 1/35ರಲ್ಲಿ 17.5 ಮಿ.ಮೀ. ಕಲ್ಲು. 1/72ರಲ್ಲಿ 36 ಮಿ.ಮೀ. ಜಲ್ಲಿ! ಸಮುದ್ರ ತೀರ ಬೇಕಿದ್ದರೆ ಮರಳಿನ ಬದಲು ನಯವಾದ ಪ್ಲಾಸ್ಟರಿಗೆ ಬಣ್ಣ ಹಚ್ಚುವುದೇ ಸರಿ.

ಹಂಚಿನ ಮಾಡು ಮಾಡಿ ಮಾಡಿ ಸಾಕಾಯ್ತು. ಸುಲಭ ದಾರಿ ಇದೆಯಾ?

ಲೆಕ್ಕ ಮೊದಲು. ಮಂಗಳೂರು ಹಂಚು ಸುಮಾರು 41 ಸೆಂ.ಮೀ. ಉದ್ದ, 23.5 ಸೆಂ.ಮೀ. ಅಗಲ. 1/35ರಲ್ಲಿ 12 ಮಿ.ಮೀ., 7 ಮಿ.ಮೀ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಬೇಕು. 10 ಮೀಟರ್ ಉದ್ದ, 5 ಮೀಟರ್ ಇಳಿಜಾರಿನ ಒಂದು ಮಗ್ಗುಲಿಗೆ 750. ಹಾಗಾಗಿ ಒಂದೊಂದನ್ನೇ ಕೆತ್ತುವ ಯೋಚನೆ ಬಿಡಿ.

ನಾನು ಮಾಡುವುದು ಹೀಗೆ. ಐದು ಹಂಚುಗಳನ್ನು ಮಾತ್ರ ಬಹಳ ಚೆನ್ನಾಗಿ ಮಾಡಿ, ಒಂದು ಸಾಲಾಗಿ ಅಂಟಿಸಿ, ಸಿಲಿಕೋನ್ ಅಚ್ಚು ತೆಗೆಯುತ್ತೇನೆ. ಆ ಅಚ್ಚಿನಲ್ಲಿ ಸಾಲು ಸಾಲಾಗಿ ಎರಕ. ಕೆಳಗಿನಿಂದ ಮೇಲಕ್ಕೆ ಹೊದಿಸುತ್ತಾ ಹೋಗಬೇಕು, ನಿಜವಾದ ಕೆಲಸದವರ ಹಾಗೆ. ಕೊನೆಗೆ ಕೆಲವು ಹಂಚನ್ನು ಬೇಕೆಂದೇ ಜಾರಿಸಿ. ಒಂದೆರಡು ಹೊಸದರ ಬಣ್ಣಕ್ಕಿರಲಿ, ಮಂಗ ಹಾರಿ ಒಡೆದ ಕಡೆ ಬದಲಿಸಿದ್ದು. ಮರದ ನೆರಳು ಬೀಳುವ ಮಗ್ಗುಲು ಕಪ್ಪಗಿರಲಿ. ಮುಖ್ಯವಾಗಿ ಮಾಡಿನ ಬೆನ್ನನ್ನು ಸ್ಕೇಲಿಟ್ಟು ಎಳೆದ ಹಾಗೆ ನೇರ ಮಾಡಬೇಡಿ. ನೂರು ವರ್ಷದ ಮನೆಯ ಬೆನ್ನು ನಡುವಲ್ಲಿ ಸ್ವಲ್ಪ ತಗ್ಗಿರುತ್ತದೆ.

ಮಳೆಗಾಲದಲ್ಲಿ ಬೂಸ್ಟು ಬಂದು ಎಲ್ಲ ಹಾಳಾಗುತ್ತೆ. ಏನು ಪರಿಹಾರ?

ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಹೊರಗಿನವರು ಬರೆದ ಸಲಹೆಗಳು ಇಲ್ಲಿ ಪೂರ್ತಿ ನಡೆಯುವುದಿಲ್ಲ. ನನ್ನ ಒಂದು ಕೆಲಸ ಹಾಳಾದದ್ದು ಹೀಗೆ: ಹಸಿ ಪಾಚಿ ಹಾಕಿ, ಫೆವಿಕಾಲ್ ಪೂರ್ತಿ ಒಣಗುವ ಮೊದಲೇ ಗಾಜಿನ ಪೆಟ್ಟಿಗೆ ಮುಚ್ಚಿದೆ. ಮಳೆ ಜೋರಿರುವ ಆಟಿ ತಿಂಗಳು. ಚೌತಿಗೆ ತೆರೆದು ನೋಡಿದರೆ ಗದ್ದೆಯ ಮೇಲೆಲ್ಲ ಬಿಳಿ ಹತ್ತಿಯಂಥ ಬೂಸ್ಟು. ಆರು ತಿಂಗಳ ಕೆಲಸ. ಬಹಳ ಬೇಜಾರಾಯಿತು.

ಆಮೇಲಿಂದ ನನ್ನ ವರ್ಷವನ್ನೇ ಹಂಚಿಕೊಂಡಿದ್ದೇನೆ. ಪ್ಲಾಸ್ಟರ್, ಮಣ್ಣು, ನೀರಿನ ಅಂಟು ಬೇಕಾದ ಕೆಲಸ ನವೆಂಬರಿನಿಂದ ಮೇವರೆಗೆ. ಕತ್ತರಿಸುವುದು, ಕೆತ್ತುವುದು, ಬೊಂಬೆಗೆ ಕುಂಚದಲ್ಲಿ ಬಣ್ಣ ಮಳೆಗಾಲಕ್ಕೆ. ಜಡಿಮಳೆಯಲ್ಲಿ ಸ್ಪ್ರೇ ಬಣ್ಣ ಹೊಡೆಯಲೇಬೇಡಿ. ಗಾಳಿಯ ತೇವ ಸೇರಿ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಪೆಟ್ಟಿಗೆಯ ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್‌ಗೆ ಒಂದು ಗುಟ್ಟಿನ ಅರೆ ಮಾಡಿ, ಆಗಾಗ ಬಿಸಿ ಮಾಡಿ ಮತ್ತೆ ಇಡಿ. ಒಳಗೆ ಹಾಕುವ ಪ್ರತಿಯೊಂದು ಎಲೆ, ನಾರು, ಕಡ್ಡಿಯನ್ನೂ ಮೊದಲು ಪೂರ್ತಿ ಒಣಗಿಸಿ ವಾರ್ನಿಷ್ ಹಚ್ಚಿ. ಮರದ ಹಲಗೆಯ ಕೆಳಭಾಗಕ್ಕೂ ಹಚ್ಚಿ, ಒರಲೆ ಬರುವುದು ಅಲ್ಲಿಂದಲೇ.

ತುಕ್ಕು ಯಾವಾಗಲೂ ಕಿತ್ತಳೆ ಬಣ್ಣ ಬಳಿದ ಹಾಗೆ ಕಾಣುತ್ತೆ. ಯಾಕೆ?

ಕಿತ್ತಳೆಯಿಂದ ಶುರು ಮಾಡುವುದರಿಂದ. ಹಳೆಯ ತುಕ್ಕು ಹೆಚ್ಚುಕಡಿಮೆ ಕಾಫಿ ಬೀಜದ ಬಣ್ಣ. ಮೊದಲು ಅದನ್ನು ಹಚ್ಚಿ, ಆಮೇಲೆ ಕೆಂಗಂದು, ಕಿತ್ತಳೆ ಕೊನೆಗೆ ಚುಕ್ಕಿ ಚುಕ್ಕಿಯಾಗಿ. ಬಂದರಿನ ಯಾವುದಾದರೂ ಹಳೆಯ ಲಂಗರಿನ ಮುಂದೆ ಹತ್ತು ನಿಮಿಷ ಕೂತರೆ ನಿಮಗೇ ಗೊತ್ತಾಗುತ್ತದೆ.

## ಕೈ ಪಳಗಿದವರಿಗೆ

ಕಂಬಳದ ಓಟ ಮಾಡಬೇಕು ಅಂತ ಆಸೆ. ಆದರೆ ಅಷ್ಟು ಉದ್ದದ ಕರೆ ಎಲ್ಲಿ ಹಿಡಿಯುತ್ತೆ?

140 ಮೀಟರಿನ ಕರೆ, ಅಂದರೆ ಕೋಣಗಳು ಓಡುವ ಕೆಸರಿನ ದಾರಿ, 1/35ರಲ್ಲಿ 4 ಮೀಟರ್. ಪೂರ್ತಿ ಮಾಡಬೇಡಿ. ಓಟ ಮುಗಿಯುವ ಮಂಜೊಟ್ಟಿಯ ಹತ್ತಿರದ ಒಂದು ಚೂರು ಸಾಕು, ಸುಮಾರು 40 ಸೆಂ.ಮೀ. ಕರೆಯು ಹಲಗೆಯ ಎರಡೂ ಅಂಚಿನಲ್ಲಿ ಥಟ್ಟನೆ ಕತ್ತರಿಸಿಕೊಳ್ಳಲಿ. ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಕೋಣಗಳನ್ನು ನಡುವೆ ಇಡದೆ, ಓಡುವ ದಿಕ್ಕಿನ ಕಡೆ ಕಡಿಮೆ ಜಾಗ ಬಿಟ್ಟು, ಹಿಂದೆ ಎದ್ದ ಕೆಸರು ನೀರಿಗೆ ಜಾಸ್ತಿ ಜಾಗ ಕೊಡಿ. ಆಗ ವೇಗ ಕಾಣುತ್ತದೆ.

ಎರಚಿದ ನೀರಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹರಿದು, ಬಿಸಿ ಗಾಳಿಯಲ್ಲಿ ಬಾಗಿಸಿ, ಮೇಲೆ ರೆಸಿನ್ (ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ) ಹನಿಗಳನ್ನು ಬಿಡಿ. ಕೊನೆಗೆ ತೆಳು ಕೆಸರು ಬಣ್ಣ. ಕಂಬಳದ ನೀರು ತಿಳಿಯಾಗಿರುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಪೆಟ್ಟಿಗೆಯೊಳಗೆ ದೀಪ ಇಟ್ಟು ಒಂದೇ ಕಡೆಯಿಂದ ನೋಡುವ ಹಾಗೆ ಮಾಡುವುದು ಹೇಗೆ?

ಪೇನ್ ಅವರ ಇನ್ನೊಂದು ದೊಡ್ಡ ಕೊಡುಗೆ ಈ ಬೆಳಕಿನ ಪೆಟ್ಟಿಗೆಗಳು. ತೆರೆದ ಡಯೋರಾಮದಲ್ಲಿ ನೋಡುವವರು ಸುತ್ತ ತಿರುಗುತ್ತಾರೆ. ಪೆಟ್ಟಿಗೆಯಲ್ಲಿ ಎಲ್ಲಿಂದ ನೋಡಬೇಕು ಎಂದು ನೀವೇ ಹೇಳುತ್ತೀರಿ. ಉಡುಪಿಯವರಿಗೆ ಇದು ಹೊಸದೇನಲ್ಲ. ಕೃಷ್ಣಮಠದಲ್ಲಿ ಒಂಬತ್ತು ರಂಧ್ರದ ಕಿಂಡಿಯಿಂದ ದೇವರನ್ನು ನೋಡಿ ಬೆಳೆದವರು ನಾವು. ಬಗ್ಗಿ, ಕಣ್ಣಿಟ್ಟು, ಒಳಗಿನ ದೀಪದ ಬೆಳಕಿಗೆ ಕಣ್ಣು ಹೊಂದುವವರೆಗೆ ಕಾಯಬೇಕು. ಆಮೇಲೆ ಕಂಡದ್ದು ಮನಸ್ಸಿನಲ್ಲಿ ಉಳಿಯುತ್ತದೆ.

ನಾನು ಈಗ ಮಾಡುತ್ತಿರುವುದು ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಕಲಾವಿದರು ನೆಲದ ಮೇಲೆ ಸಾಲಾಗಿ ಕೂತು, ಕೈಗನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ. ಹಿಂದೆ ವೇಷದ ಪೆಟ್ಟಿಗೆಗಳು, ಒಂದು ಕಡೆ ಚೌಕಿಯ ಗಣಪತಿ. ಮೂರು ಬೆಳಕು ಸಾಕು. ಮುಖ್ಯ ಬೆಳಕು ಹಳದಿ ಛಾಯೆಯದ್ದು, ಮೇಲೆ ಒಂದು ಪಕ್ಕಕ್ಕೆ. ಗಣಪತಿಯ ಮುಂದೆ ಅಕ್ಕಿಕಾಳಿನಷ್ಟು ಎಲ್‌ಇಡಿ. ಹೊರಗಿನ ಕತ್ತಲಿಗೆ ತೀರ ಮಂದ ನೀಲಿ, ಪರದೆಯ ಸಂದಿಯಿಂದ ಮಾತ್ರ ಕಾಣುವ ಹಾಗೆ. ಬಲ್ಬು ನೇರ ಕಣ್ಣಿಗೆ ಬಿದ್ದರೆ ಎಲ್ಲ ಕೆಟ್ಟಿತು, ಅಂಚುಪಟ್ಟಿಯ ಹಿಂದೆ ಅಡಗಿಸಿ. ತಂತಿ ಸುಟ್ಟರೆ ತೆಗೆದು ಹಾಕಲು ಮೇಲ್ಮುಚ್ಚಳ ಬಿಚ್ಚುವಂತಿರಬೇಕು.

ಭೂತಕೋಲದ ಡಯೋರಾಮ ಮಾಡಬಹುದಾ? ತಪ್ಪಾಗುತ್ತಾ?

ಈ ಪ್ರಶ್ನೆ ಕೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾದದ್ದೇ. ದೈವ ನಮಗೆ ನಂಬಿಕೆ. ಅಲಂಕಾರದ ಸಾಮಾನು ಆಗಬಾರದು. ನನ್ನ ಮಟ್ಟಿಗೆ ನಾನು ದೈವ ಮೈಮೇಲೆ ಬಂದ ಗಳಿಗೆಯನ್ನು ಮಾಡುವುದಿಲ್ಲ. ಮಾಡಿದ್ದು ಒಂದೇ: ನೇಮದ (ಕೋಲದ) ಹಿಂದಿನ ಮಧ್ಯಾಹ್ನ. ಚಪ್ಪರಕ್ಕೆ ಮಡಲು ಹೊದಿಸುತ್ತಿರುವ ಇಬ್ಬರು, ಅಂಗಳ ಗುಡಿಸುತ್ತಿರುವ ಒಬ್ಬರು, ಹಿಂಗಾರ ತಂದು ನಿಂತ ಒಬ್ಬ ಹುಡುಗ. ಮಾಡುವ ಮೊದಲು ಮನೆಯ ಹಿರಿಯರನ್ನೂ ದೈವ ಕಟ್ಟುವ ಸಮುದಾಯದ ಒಬ್ಬರನ್ನೂ ಕೇಳಿದೆ. ಅವರು ಒಪ್ಪಿದ ಮೇಲೆಯೇ ಕೈ ಹಾಕಿದೆ. ನೀವು ಬೇರೆ ತೀರ್ಮಾನಕ್ಕೆ ಬರಬಹುದು. ಕೇಳುವುದನ್ನು ಮಾತ್ರ ಬಿಡಬೇಡಿ.

ಸಮುದ್ರ ಮಾಡಿದರೆ ನೀಲಿ ಜೆಲ್ಲಿ ಹಾಗೆ ಕಾಣುತ್ತೆ. ಎಲ್ಲಿ ತಪ್ಪಿದೆ?

ಬಣ್ಣವನ್ನು ರೆಸಿನ್‌ಗೆ ಸೇರಿಸಿದ್ದೀರಿ ಅಲ್ವಾ? ಬಣ್ಣ ತಳದಲ್ಲಿರಬೇಕು. ದಡದ ಹತ್ತಿರ ಮಣ್ಣು ಬಣ್ಣ, ಆಮೇಲೆ ಹಸಿರು, ಆಳಕ್ಕೆ ಹೋದ ಹಾಗೆ ಕಡು ಹಸಿರು. ಮೇಲೆ ಬಣ್ಣವಿಲ್ಲದ ರೆಸಿನ್, ಒಂದು ಸಲಕ್ಕೆ ಕೆಲವೇ ಮಿಲಿಮೀಟರ್. ದಪ್ಪಗೆ ಸುರಿದರೆ ಬಿಸಿ ಏರಿ ಹಳದಿಯಾಗುತ್ತದೆ, ಬಿರುಕೂ ಬಿಡಬಹುದು. ಅಲೆಗೆ ದಪ್ಪ ಅಕ್ರಿಲಿಕ್ ಜೆಲ್, ನೊರೆಗೆ ಹತ್ತಿಯ ಒಂದೆರಡು ಎಳೆ.

ಮಳೆಗಾಲದ ಮಲ್ಪೆ ಬೇಕಿದ್ದರೆ ನೀಲಿಯನ್ನು ಮರೆತೇಬಿಡಿ. ಆಗ ಕಡಲು ಚಹಾದ ಬಣ್ಣ. ರಂಪಣಿ ಬಲೆ ಎಳೆಯುವ ದೃಶ್ಯವನ್ನು ಯಾರಾದರೂ ಮಾಡಬೇಕು ಎಂದು ನನಗೆ ಬಹಳ ದಿನದ ಆಸೆ. ದಡದಲ್ಲಿ ಎರಡು ಸಾಲು ಜನ, ಎಲ್ಲರ ಮೈಯೂ ಹಿಂದಕ್ಕೆ ವಾಲಿ, ಸಾಲಿಗೊಂದು ಹಗ್ಗ. ಕಡಲಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಅಪರೂಪವಾಗಿದೆ. ಅದನ್ನು ಎಳೆದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಹೋಗಿ ಕೇಳಬಹುದು.

ಫೋಟೊ ತೆಗೆದರೆ ಆಟಿಕೆ ಹಾಗೇ ಕಾಣುತ್ತೆ, ಯಾಕೆ?

ಮೇಲಿನಿಂದ ತೆಗೆಯುತ್ತೀರಿ, ಅದಕ್ಕೆ. 1/35ರ ಮನುಷ್ಯನ ಕಣ್ಣು ನೆಲದಿಂದ 4.4 ಸೆಂ.ಮೀ. ಮೇಲಿದೆ. ಕ್ಯಾಮೆರಾ ಅಲ್ಲಿಗೆ ಇಳಿಯಬೇಕು. ಮೊಬೈಲನ್ನು ತಲೆಕೆಳಗೆ ಹಿಡಿದರೆ ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ. ಬೆಳಿಗ್ಗೆ ಒಂಬತ್ತರ ಒಳಗಿನ ಬಿಸಿಲಿನಲ್ಲಿ, ಹಿಂದೆ ನಿಜವಾದ ಆಕಾಶ ಬರುವ ಹಾಗೆ ಅಂಗಳದ ಪಾಗಾರದ ಮೇಲಿಟ್ಟು ತೆಗೆಯಿರಿ.

ಇಲ್ಲೇ ಹತ್ತಿರ ಎಲ್ಲಿ ಹೋಗಿ ನೋಡಿ ಕಲಿಯಬಹುದು?

ಹಳೆಯ ಮನೆಗಳಿಗೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ವಿಜಯನಾಥ ಶೆಣೈಯವರು ಬೇರೆ ಬೇರೆ ಕಡೆ ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಮಂಗಳೂರಿನ ಹತ್ತಿರದ ಪಿಲಿಕುಳದಲ್ಲಿ ಗುತ್ತಿನ ಮನೆ (ಹಿಂದಿನ ಜಮೀನ್ದಾರರ ದೊಡ್ಡ ಮನೆ) ಇದೆ. ಕಂಬಕ್ಕೂ ತೊಲೆಗೂ ಜೋಡಣೆ ಹೇಗಿದೆ ಎಂದು ನೋಡಿ. ದೋಣಿಗಳಿಗೆ ಮಲ್ಪೆ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳಿಗೆ ಮಂಗಳೂರಿನ ಹಳೆ ಬಂದರು. ಮುರಕಲ್ಲಿಗೆ ಎಲ್ಲಿಗೂ ಹೋಗಬೇಕಾಗಿಲ್ಲ.

ಹೋಗುವಾಗ ಒಂದು ಸಣ್ಣ ಪುಸ್ತಕ, ಪೆನ್ಸಿಲು, ಟೇಪು ಇರಲಿ. ಒಳಗೆ ಫೋಟೊ ತೆಗೆಯಬಹುದಾ ಎಂದು ಕೇಳಿಯೇ ತೆಗೆಯಿರಿ. ಬಂದರಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಬೋಟು ಬಂದು ಮೀನು ಇಳಿಸುವ ಹೊತ್ತಿಗೆ. ಕೆಲಸಕ್ಕೆ ಅಡ್ಡ ಬರದ ಹಾಗೆ ಒಂದು ಮೂಲೆ ಹುಡುಕಿ ನಿಂತರೆ ಯಾರೂ ಏನೂ ಅನ್ನುವುದಿಲ್ಲ.